ಪಿಸ್ಟನ್ ಕೂರಿಸಿ ಆದ್ಮೇಲೆ ಅನುಮಾನ ಬಂದ್ರೆ ಬಿಚ್ಚೋದಾ, ಬಿಡೋದಾ?

ಓದುಗರ ಪ್ರಶ್ನೆ:

"ಸರ್, ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಮೇಷ್ಟ್ರು. ನಮ್ಮಪ್ಪ ತಗೊಂಡಿದ್ದ 1998ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ, ನೀಲಿ ಹೊಗೆ ಬಿಡ್ತಾ ಆಯಿಲ್ ಕುಡೀತಿತ್ತು. ಬೇಸಿಗೆ ರಜದಲ್ಲಿ ಮನೆ ಶೆಡ್‌ನಲ್ಲೇ ಎಂಜಿನ್ ಇಳಿಸಿ ಬಿಚ್ಚಿದೆ. ಬ್ಲಾಕನ್ನ ದಾವಣಗೆರೆಗೆ ತಂದು ಸಿಲಿಂಡರ್ 0.50 ಎಂಎಂ ದೊಡ್ಡದಾಗೋ ಹಂಗೆ ಬೋರ್ ಮಾಡ್ಸಿದೆ, ಕ್ರ್ಯಾಂಕ್ ಪಾಲಿಶ್ ಮಾಡ್ಸಿದೆ, ಹೊಸ ಪಿಸ್ಟನ್, ರಿಂಗು, ಬೇರಿಂಗ್ ತಂದೆ. ಬ್ಲಾಕನ್ನ ಪೆಟ್ರೋಲಲ್ಲಿ ಚೆನ್ನಾಗಿ ತೊಳೆದು ಬನಿಯನ್ ವೇಸ್ಟಲ್ಲಿ ಒರೆಸಿ ಜೋಡಿಸ್ದೆ. ಈಗ ನೋಡಿದ್ರೆ ಒಂದರ ಹಿಂದೆ ಒಂದು ತಪ್ಪು. ಎರಡನೇ ಸಿಲಿಂಡರ್‌ದು ಸೆಕೆಂಡ್ ರಿಂಗ್ ಗುರುತು ಮೇಲೆ ಇತ್ತಾ ಕೆಳಗೆ ಇತ್ತಾ ನೆನಪಿಲ್ಲ, ರಿಂಗ್ ಗ್ಯಾಪುಗಳೂ ಒಂದೇ ಲೈನಲ್ಲಿ ಬಂದಿರ್ಬೋದು. 1 ಮತ್ತು 3ನೇ ಕನೆಕ್ಟಿಂಗ್ ರಾಡ್ ಕ್ಯಾಪ್ ಅದಲು ಬದಲಾಗಿದೆ ಅಂತ ಅನುಮಾನ, ಕ್ರ್ಯಾಂಕ್ ತಿರುಗಿಸಿದ್ರೆ ಒಂದು ಜಾಗದಲ್ಲಿ ಬಿಗಿ ಹಿಡಿಯುತ್ತೆ. ಹಳೇ ಗ್ಯಾಸ್ಕೆಟ್ ಕೆರೆಯುವಾಗ ಹೆಡ್ ಮೇಲೆ ಗೀರು ಬಿತ್ತು. ಹೆಡ್ ಬೋಲ್ಟ್ ತೂತಲ್ಲಿ ಆಯಿಲ್ ನಿಂತಿತ್ತು, ಅದು ಗಮನಕ್ಕೆ ಬಂದಿದ್ದು ಎರಡು ಸುತ್ತು ಟೈಟ್ ಮಾಡಿದ್ಮೇಲೆ, ಅಲ್ಲಿಗೇ ನಿಲ್ಲಿಸಿದೆ. ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬೋಲ್ಟ್ ಒಂದು ಬ್ಲಾಕ್ ಒಳಗೇ ಮುರೀತು. ಒಂದು ಸ್ಪ್ರಿಂಗ್ ವಾಷರ್ ಲೆಕ್ಕಕ್ಕೆ ಸಿಗ್ತಿಲ್ಲ. ಇಲ್ಲಿ ಒಬ್ರು ಗ್ಯಾರೇಜಿನವರು 'ಎಂಜಿನ್ ಹೋಯ್ತು ಬಿಡಿ, ಸೆಕೆಂಡ್ ಹ್ಯಾಂಡ್ ಎಂಜಿನ್ ಹಾಕ್ಸಿ' ಅಂದ್ರು. ಇನ್ನೊಬ್ರು 'ಏನೂ ಆಗಲ್ಲ, ಲೀಕ್ ತಡೆಯೋ ಅನಾಬಾಂಡ್ ಪೇಸ್ಟ್ ಬಳಿದು ಮುಚ್ಚಿ ಸ್ಟಾರ್ಟ್ ಮಾಡಿ' ಅಂದ್ರು. ಇದ್ರಲ್ಲಿ ಯಾವುದನ್ನ ಬಿಚ್ಚಬೇಕು, ಯಾವುದನ್ನ ಬಿಡಬಹುದು?"

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದ್ದೆ. ದಾವಣಗೆರೆ ಪಿ.ಬಿ. ರಸ್ತೆ ಪಕ್ಕದಲ್ಲಿ ಎಂಜಿನ್ ಕೆಲಸ ಮಾಡ್ತಾ ನನಗೆ 27 ವರ್ಷ ಆಯ್ತು, ಅದಕ್ಕೂ ಮುಂಚೆ ಹರಿಹರದಲ್ಲಿ ಲೇತ್ ಮೇಲೆ ಕೈ ಕಲ್ತಿದ್ದು. ನೀವು ಬರೆದಿರೋ ತಪ್ಪುಗಳಲ್ಲಿ ನಾನು ಮಾಡ್ದೇ ಇರೋದು ಒಂದೂ ಇಲ್ಲ. ನಿಮ್ಮ ಭಯ ಇಷ್ಟೇ ಅಲ್ವಾ, ಅಪ್ಪನ ಗಾಡಿ ನನ್ನ ಕೈಯಾರೆ ಹಾಳಾಯ್ತಾ ಅಂತ. ಆಗಿಲ್ಲ. ಎಂಜಿನ್ ಇನ್ನೂ ಸ್ಟಾರ್ಟ್ ಆಗಿಲ್ಲ, ಆಯಿಲ್ ಪ್ರೆಶರ್ ಇಲ್ದೆ ಒಂದು ಸುತ್ತೂ ಓಡಿಲ್ಲ, ಪಿಸ್ಟನ್ ಮೇಲೆ ಬೆಂಕಿ ಬಿದ್ದಿಲ್ಲ. ಈ ಹಂತದಲ್ಲಿ ಹೆಚ್ಚುಕಮ್ಮಿ ಎಲ್ಲಾನೂ ವಾಪಸ್ ತರಬಹುದು. ಸ್ಟಾರ್ಟ್ ಆಗಿ ಹತ್ತು ನಿಮಿಷ ಓಡಿದ್ಮೇಲೆ ಇದೇ ಪತ್ರ ಬರೆದಿದ್ರೆ ನನ್ನ ಉತ್ತರ ಬೇರೇನೇ ಇರ್ತಿತ್ತು.

ನಿಮಗೆ ಸಲಹೆ ಕೊಟ್ಟ ಇಬ್ರೂ ಪೂರ್ತಿ ಸರಿ ಇಲ್ಲ. ಎಂಜಿನ್ ಹೋಯ್ತು ಅಂದೋರಿಗೆ ಅರ್ಧ ಬಿಚ್ಚಿದ ಎಂಜಿನ್ ಕೈಗೆ ತಗೊಳ್ಳೋದು ತಲೆನೋವು, ಇನ್ನೊಬ್ರು ಏನೇನು ಮಾಡಿಟ್ಟಿದ್ದಾರೋ ಗೊತ್ತಿರಲ್ಲ, ಆಮೇಲೆ ಹೆಸರು ಕೆಡೋದು ಅವರದ್ದೇ, ಆ ಕಷ್ಟ ನನಗೆ ಅರ್ಥ ಆಗುತ್ತೆ. ಆದ್ರೆ ಅನಾಬಾಂಡ್ ಬಳಿದು ಸ್ಟಾರ್ಟ್ ಮಾಡಿ ಅಂದೋರ ಮಾತು ಮಾತ್ರ ಕೇಳ್ಬ್ಯಾಡ್ರಿ. ನಿಮ್ಮ ಲಿಸ್ಟಲ್ಲಿ ಕೆಲವು ಐಟಂ ಇದಾವೆ, ಮುಚ್ಚಿದ ಮೇಲೆ ಕಣ್ಣಿಗೆ ಕಾಣಲ್ಲ, ಎಂಜಿನ್ ಕೆಟ್ಟ ಮೇಲೇನೇ ಗೊತ್ತಾಗೋದು. ಚೇಂಬರ್ ಬೋಲ್ಟ್ ಥರದ್ದಾದ್ರೆ ಕೆಳಗೆ ಆಯಿಲ್ ತೊಟ್ಟಿಕ್ಕಿ ಅದೇ ಹೇಳುತ್ತೆ, ಯಾವಾಗ ಬೇಕಾದ್ರೂ ಸರಿ ಮಾಡ್ಕೋಬಹುದು. ನಾನು ಯಾವ ತಪ್ಪು ದೊಡ್ಡದು ಯಾವುದು ಚಿಕ್ಕದು ಅಂತ ನೋಡೋದು ಹಿಂಗೇನೇ.

ಮೊದಲು ಹೆಡ್ ಬೋಲ್ಟ್ ತೂತು. ನೀವು ಎರಡನೇ ಸುತ್ತಿಗೇ ಕೈ ತೆಗೆದಿದ್ದು ಬಹಳ ಒಳ್ಳೇದಾಯ್ತು. ತಳ ಮುಚ್ಚಿರೋ ತೂತಲ್ಲಿ ಆಯಿಲ್ ಅಥವಾ ನೀರು ನಿಂತಿದ್ರೆ ಬೋಲ್ಟ್ ಕೆಳಗೆ ಇಳೀತಾ ಹೋದಂಗೆ ಅದಕ್ಕೆ ಹೋಗೋಕೆ ಜಾಗ ಇರಲ್ಲ. ದ್ರವ ಕುಗ್ಗಲ್ಲ, ನಿಮಗೆ ನಾನು ಹೇಳ್ಬೇಕಾಗಿಲ್ಲ, ಮಕ್ಕಳಿಗೆ ಹೈಡ್ರಾಲಿಕ್ ಜ್ಯಾಕ್ ಪಾಠ ಮಾಡಿರ್ತೀರಿ. ಅದೇ ಜ್ಯಾಕ್ ಇಲ್ಲಿ ಬ್ಲಾಕ್ ಒಳಗೆ ಕೂತಿರುತ್ತೆ. ಟಾರ್ಕ್ ವ್ರೆಂಚ್ 'ಟಕ್' ಅನ್ನುತ್ತೆ, ನೀವು ಟೈಟ್ ಆಯ್ತು ಅನ್ಕೋತೀರಿ, ನಿಜವಾಗ್ಲೂ ಬೋಲ್ಟ್ ಹೆಡ್ಡನ್ನ ಒತ್ತಿರೋದೇ ಇಲ್ಲ, ಆಯಿಲನ್ನ ಒತ್ತಿರುತ್ತೆ. ಆಮೇಲೆ ಗ್ಯಾಸ್ಕೆಟ್ ಊದಿ ಹೋಗುತ್ತೆ, ಇಲ್ಲಾಂದ್ರೆ ತೂತಿನ ಪಕ್ಕ ಬ್ಲಾಕೇ ಸೀಳುತ್ತೆ.

ನಾನು ಕೆಲಸ ಶುರು ಮಾಡಿದ ಹೊಸದ್ರಲ್ಲಿ ಒಂದು ಜೀಪಿನ ಬ್ಲಾಕ್ ಹಂಗೇ ಸೀಳಿಸಿದ್ದೆ. ನೀರು ಹಾಕಿ ತೊಳೆದಿದ್ದೆ, ತೂತಲ್ಲಿ ನೀರು ನಿಂತಿದ್ದು ನೋಡ್ಲಿಲ್ಲ. ಮೂರನೇ ಸುತ್ತು ಎಳೆಯುವಾಗ ಸಣ್ಣದಾಗಿ ಒಂದು ಸದ್ದು ಬಂತು, ಕಡ್ಲೆ ಸಿಪ್ಪೆ ಒಡೆದಂಗೆ, ಅಷ್ಟೇ. ಕೂದಲೆಳೆಯಷ್ಟು ಗೀಟು, ಬೋಲ್ಟ್ ತೂತಿಂದ ನೀರಿನ ಜಾಕೆಟ್ ಕಡೆಗೆ. ಆ ಬ್ಲಾಕಿನ ದುಡ್ಡು ನಾನೇ ಕಟ್ಟಿದೆ. ಅವತ್ತಿಂದ ಇವತ್ತಿನವರೆಗೂ ಪ್ರತಿ ತೂತಿಗೂ ತೆಳ್ಳನೆ ಕಡ್ಡಿಗೆ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ ನೋಡ್ತೀನಿ, ಬಟ್ಟೆ ಒಣಗಿಕೊಂಡೇ ಮೇಲೆ ಬರಬೇಕು.

ನೀವು ಮಾಡ್ಬೇಕಾಗಿರೋದು: ಹೆಡ್ ಬೋಲ್ಟುಗಳನ್ನ ಟೈಟ್ ಮಾಡಿದ ಕ್ರಮಕ್ಕೆ ಉಲ್ಟಾ, ಹೊರಗಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವೇ ಸಡಿಲ ಮಾಡಿ ಹೆಡ್ ಎತ್ತಿ. ಗ್ಯಾಸ್ಕೆಟ್ ಹೊಸದು ತಗೊಳ್ಳಿ, ಒಂದ್ಸಲ ಒತ್ತಿದ್ದನ್ನ ವಾಪಸ್ ಹಾಕೋ ಆಸೆ ಬ್ಯಾಡ. ಸಿರಿಂಜಲ್ಲಿ ಆಯಿಲ್ ಎಳೆದು ಆಮೇಲೆ ಗಾಳಿ ಹೊಡೀರಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು, ತೂತಿನ ಮೇಲೆ ಬಟ್ಟೆ ಹಿಡಿದು, ಯಾಕಂದ್ರೆ ಆ ಆಯಿಲ್ ಪೂರ್ತಿ ಮುಖಕ್ಕೇ ಬರುತ್ತೆ. ಥ್ರೆಡ್ ಕ್ಲೀನ್ ಮಾಡೋಕೆ ಥ್ರೆಡ್ ಕೊರೆಯೋ ಟ್ಯಾಪ್ ಹಾಕ್ಬ್ಯಾಡ್ರಿ, ಅದು ಕಬ್ಬಿಣನೂ ಕೆರೆದು ತೆಗೆಯುತ್ತೆ. ಹಳೇ ಹೆಡ್ ಬೋಲ್ಟ್ ಒಂದಿದ್ರೆ ಅದರ ಥ್ರೆಡ್ ಉದ್ದಕ್ಕೆ ಹ್ಯಾಕ್ಸಾದಲ್ಲಿ ಎರಡು ಗೀರು ಹಾಕಿ ಅದನ್ನೇ ಕೈಯಲ್ಲಿ ತಿರುಗಿಸಿ, ಗಲೀಜು ಆ ಗೀರಿನೊಳಗೆ ಬಂದು ಕೂರುತ್ತೆ.

ಬ್ಲಾಕ್ ಸೀಳಿದೆಯಾ ಇಲ್ವಾ ಅಂತ ಹಳೇ ಕಾಲದ ಒಂದು ಟೆಸ್ಟ್ ಐತೆ, ಅದಕ್ಕೆ ಬೇಕಾದ ಸಾಮಾನು ನಿಮ್ಮ ಹತ್ರನೇ ಐತೆ. ತೂತಿನ ಸುತ್ತ ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹತ್ತು ನಿಮಿಷ ಬಿಡಿ. ಪೂರ್ತಿ ಒಣಗೋ ಹಂಗೆ ಒರೆಸಿ. ಆಮೇಲೆ ಬಿಳಿ ಚಾಕ್‌ಪೀಸ್ ಪುಡಿ ಮಾಡಿ ತೆಳ್ಳಗೆ ಉದುರಿಸಿ. ಸೀಳು ಇದ್ರೆ ಒಳಗೆ ಹೋಗಿರೋ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಪುಡಿಯಲ್ಲಿ ಗೀಟು ಮೂಡಿಸುತ್ತೆ. ಎರಡನೇ ಸುತ್ತಿಗೆ ನಿಲ್ಲಿಸಿರೋದ್ರಿಂದ ಸೀಳಿರೋ ಸಾಧ್ಯತೆ ಕಮ್ಮಿ ಅಂತ ನನ್ನ ಅಂದಾಜು, ಆದ್ರೂ ನೋಡಿಬಿಡಿ.

ಇನ್ನೊಂದು ಮಾತು ಇಲ್ಲೇ ಹೇಳ್ತೀನಿ. ಬೋಲ್ಟ್ ಟೈಟ್ ಮಾಡುವಾಗ ನಾವು ಹಾಕೋ ಶಕ್ತೀಲಿ 100ಕ್ಕೆ ಸುಮಾರು 10 ಭಾಗ ಮಾತ್ರ ಬೋಲ್ಟನ್ನ ಎಳೆಯೋಕೆ ಹೋಗುತ್ತೆ, ಮಿಕ್ಕಿದ್ದೆಲ್ಲ ಥ್ರೆಡ್ಡಲ್ಲಿ, ಬೋಲ್ಟ್ ತಲೆ ಕೆಳಗೆ ಉಜ್ಜಾಟಕ್ಕೇ ಖರ್ಚು. ಅದಕ್ಕೇ ಒಂದು ಬೋಲ್ಟ್ ಒಣಗಿದ್ದು ಇನ್ನೊಂದಕ್ಕೆ ಎಣ್ಣೆ ಮೆತ್ತಿದ್ರೆ, ವ್ರೆಂಚಲ್ಲಿ ನಂಬರ್ ಒಂದೇ ತೋರಿಸಿದ್ರೂ ಹೆಡ್ ಮೇಲೆ ಬೀಳೋ ಒತ್ತಡ ಬೇರೆ ಬೇರೆ. ಮ್ಯಾನ್ಯುಯಲ್ಲಲ್ಲಿ ಎಣ್ಣೆ ಹಚ್ಚಿ ಅಂದಿದ್ರೆ ಎಲ್ಲಾ ಬೋಲ್ಟಿಗೂ ಥ್ರೆಡ್ಡಿಗೆ ತೆಳ್ಳಗೆ ಹಚ್ಚಿ, ಒಣಗಿದ್ದು ಅಂದಿದ್ರೆ ಎಲ್ಲಾನೂ ಒಣಗಿಸಿ. ತೂತಿಗೆ ಮಾತ್ರ ಯಾವತ್ತೂ ಸುರೀಬ್ಯಾಡ್ರಿ.

ಈಗ ನೀವು ತಪ್ಪು ಅಂತ ಲೆಕ್ಕಕ್ಕೇ ತಗೊಳ್ದೇ ಇರೋ ವಿಷಯಕ್ಕೆ ಬರ್ತೀನಿ. ಇಡೀ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ ಸಾಲು ಒಂದೇ, "ಬ್ಲಾಕನ್ನ ಪೆಟ್ರೋಲಲ್ಲಿ ಚೆನ್ನಾಗಿ ತೊಳೆದು ಬನಿಯನ್ ವೇಸ್ಟಲ್ಲಿ ಒರೆಸಿ". ರಿಂಗು, ಕ್ಯಾಪು, ಗೀರು ಎಲ್ಲಾ ಆಮೇಲೆ.

ಬೋರ್ ಮಾಡಿದ್ಮೇಲೆ ಹೋನಿಂಗ್ ಮಾಡ್ತಾರೆ, ಸಿಲಿಂಡರ್ ಗೋಡೆ ಮೇಲೆ ಅಡ್ಡಡ್ಡ ಗೆರೆ ಬೀಳುತ್ತಲ್ಲ, ಅದು. ಆ ಕಲ್ಲಿನ ಪುಡಿ, ಕಬ್ಬಿಣದ ಪುಡಿ ಎರಡೂ ಸೇರಿ ಆ ಗೆರೆ ಒಳಗೇ ಕೂತಿರುತ್ತೆ. ಪೆಟ್ರೋಲ್ ಹಾಕಿದ್ರೆ ಎಣ್ಣೆ ಕರಗಿ ಹರಿದು ಹೋಗುತ್ತೆ, ಪುಡಿ ಅಲ್ಲೇ ಉಳಿಯುತ್ತೆ, ಕಣ್ಣಿಗೆ ಮಾತ್ರ ಫಳಫಳ ಹೊಳೆಯುತ್ತೆ. ಸ್ಟಾರ್ಟ್ ಆದ್ಮೇಲೆ ಅದೇ ಪುಡಿ ಹೊಸ ರಿಂಗನ್ನ ಉಜ್ಜಿ ತಿನ್ನುತ್ತೆ, ಪಿಸ್ಟನ್ ಪಕ್ಕದ ಮೆತ್ತನೆ ಅಲ್ಯುಮಿನಿಯಂ ಒಳಗೆ ಹೂತ್ಕೊಳ್ಳುತ್ತೆ, ಆಯಿಲ್ ಜೊತೆ ಬೇರಿಂಗಿಗೂ ಹೋಗುತ್ತೆ. ಹೊಸ ರಿಂಗ್ ಹಾಕಿ ಆರು ತಿಂಗಳಿಗೇ ಮತ್ತೆ ಹೊಗೆ ಅಂತ ಬರೋ ಗಾಡಿಗಳನ್ನ ನಾನು ಬಿಚ್ಚಿ ನೋಡಿದಾಗ ಜಾಸ್ತಿ ಸಲ ಕಂಡಿರೋ ಕಾರಣ ಇದೇ, ಜನ ಬೈಯೋದು ಮಾತ್ರ ರಿಂಗ್ ಕಂಪನಿನ.

ಹೆಡ್ ಎತ್ತಿದ ತಕ್ಷಣ ಇದನ್ನ ನೋಡಿ. ಹಳೇ ಬಿಳಿ ಪಂಚೆ ತುಂಡು ತಗೊಳ್ಳಿ, ಹೊಸ ಎಂಜಿನ್ ಆಯಿಲಲ್ಲಿ ಅದ್ದಿ, ಪಿಸ್ಟನ್ ಕೆಳಕ್ಕೆ ಇಳಿದಿರೋ ಸಿಲಿಂಡರಿನ ಗೋಡೆ ಮೇಲೆ ಒತ್ತಿ ಒಂದು ಸುತ್ತು ಎಳೀರಿ. ಬಿಸಿಲಿಗೆ ಹಿಡಿದು ನೋಡಿ. ಬಟ್ಟೆ ಆಯಿಲ್ ಬಣ್ಣಕ್ಕೇ ಇದ್ರೆ ನೀವು ಪುಣ್ಯವಂತರು. ಬೂದು ಬಣ್ಣದ ಪಟ್ಟೆ ಬಂತು, ಬೆರಳಿಂದ ಉಜ್ಜಿದ್ರೆ ಸಣ್ಣಗೆ ಮರಳು ಮರಳು ಅನ್ನಿಸ್ತು ಅಂದ್ರೆ ಪೂರ್ತಿ ಬಿಚ್ಚಬೇಕು, ಕ್ರ್ಯಾಂಕ್ ಸಮೇತ, ಬರೀ ಬ್ಲಾಕ್ ಉಳಿಯೋ ತನಕ. ಬೇಜಾರಾಗುತ್ತೆ, ಗೊತ್ತು. ಆದ್ರೆ ಇದಕ್ಕೆ ಅಡ್ಡ ದಾರಿ ಇಲ್ಲ, ಕ್ರ್ಯಾಂಕ್ ಇಟ್ಕೊಂಡು ತೊಳೆದ್ರೆ ಆ ಪುಡಿ ನೇರ ಬೇರಿಂಗಿಗೇ ಇಳಿಯುತ್ತೆ.

ತೊಳೆಯೋದು ಬಿಸಿನೀರು, ಬಟ್ಟೆ ಒಗೆಯೋ ಸೋಪಿನ ಪುಡಿ, ಗಟ್ಟಿ ಬ್ರಷ್. ಸೋಪಿನ ನೊರೆ ಪುಡಿಯನ್ನ ಗೆರೆಯಿಂದ ಎಬ್ಬಿಸಿ ಹೊರಗೆ ತರುತ್ತೆ, ಪೆಟ್ರೋಲ್ ಕೈಲಿ ಆಗದ ಕೆಲಸ ಇದು. ಆಯಿಲ್ ಹೋಗೋ ಗ್ಯಾಲರಿ ತೂತುಗಳಿಗೆ ಉದ್ದನೆ ತೆಳು ಬ್ರಷ್ ಹಾಕಿ ಎಳೀರಿ. ನೀರು ಸುರಿದ ಕೂಡ್ಲೆ ಗಾಳಿ ಹೊಡೆದು ಒಣಗಿಸಿ ಆಯಿಲ್ ಹಚ್ಚಬೇಕು, ಬೀಡು ಕಬ್ಬಿಣ ನೋಡ್ತಾ ನೋಡ್ತಾ ಇದ್ದಂಗೇ ಕೆಂಪಗೆ ತುಕ್ಕು ಹಿಡಿಯುತ್ತೆ, ಫೋನ್ ಬಂತು ಅಂತ ಎದ್ದು ಹೋಗ್ಬ್ಯಾಡ್ರಿ. ಆಮೇಲೆ ಮತ್ತೆ ಬಿಳಿ ಬಟ್ಟೆ, ಬೂದು ಬಣ್ಣ ನಿಲ್ಲೋ ತನಕ. ನಾನು ಕೆಲವು ಬ್ಲಾಕಿಗೆ ನಾಲ್ಕು ಸಲ ತೊಳೆದಿದ್ದೀನಿ. ಬನಿಯನ್ ವೇಸ್ಟ್ ಕೈ ಒರೆಸೋಕೆ ಇಟ್ಕೊಳ್ಳಿ, ಎಂಜಿನ್ ಒಳಗೆ ಬ್ಯಾಡ. ಹತ್ತಿ ಮಿಲ್ಲಿನ ಊರಲ್ಲಿ ಕೂತು ಹೇಳ್ತಿದ್ದೀನಿ, ಆ ನೂಲಿನ ಎಳೆ ಆಯಿಲ್ ಪಂಪಿನ ಜಾಲರಿಗೆ ಸುತ್ಕೊಂಡ್ರೆ ಪ್ರೆಶರ್ ಬೀಳುತ್ತೆ.

ಇನ್ನು ರಿಂಗು. ಗ್ಯಾಪ್ ಎಲ್ಲಾ ಒಂದೇ ಲೈನಿಗೆ ಬಂದ್ರೆ ಎಂಜಿನ್ ಹೋಯ್ತು ಅನ್ನೋದು ನಮ್ಮ ಗ್ಯಾರೇಜುಗಳಲ್ಲಿ ಬಹಳ ಕಾಲದಿಂದ ನಡ್ಕೊಂಡು ಬಂದಿರೋ ನಂಬಿಕೆ. ಫೋರ್ ಸ್ಟ್ರೋಕ್ ಎಂಜಿನ್ನಲ್ಲಿ ರಿಂಗುಗಳು ಓಡ್ತಾ ಓಡ್ತಾ ಗ್ರೂವ್ ಒಳಗೆ ತಾವೇ ತಿರುಗ್ತಾ ಇರ್ತವೆ, ನೀವು 120 ಡಿಗ್ರಿಗೆ ಇಟ್ಟಿದ್ದು ನಾಳೆ ಹಂಗೇ ಇರಲ್ಲ. ಜೋಡಿಸುವಾಗ ಬೇರೆ ಬೇರೆ ದಿಕ್ಕಿಗೆ ಇಡಬೇಕು, ಮೊದಲ ಸ್ಟಾರ್ಟಿಗೆ ಕಂಪ್ರೆಶನ್ ಸಿಗೋಕೆ ಅನುಕೂಲ. ಅದೊಂದಕ್ಕೇ ಆದ್ರೆ ನಾನು ಎಂಜಿನ್ ಬಿಚ್ಚಿ ಅಂತಿರ್ಲಿಲ್ಲ.

ಸೆಕೆಂಡ್ ರಿಂಗ್ ಉಲ್ಟಾ ಆಗಿದ್ರೆ ಅದು ಬೇರೆ ಕಥೆ. ಅದರ ಅಂಚು ಓರೆ ಇರುತ್ತೆ, ಕೆಳಗೆ ಬರುವಾಗ ಗೋಡೆ ಮೇಲಿನ ಆಯಿಲನ್ನ ಕೆರೆದು ಕೆಳಕ್ಕೆ ತರಬೇಕು ಅಂತ. ತಲೆಕೆಳಗಾದ್ರೆ ಅದೇ ಆಯಿಲನ್ನ ಮೇಲಕ್ಕೆ ತಳ್ಳುತ್ತೆ. ನೀಲಿ ಹೊಗೆಗೆ ಅಂತ ಇಷ್ಟೆಲ್ಲಾ ಮಾಡಿ ಮತ್ತೆ ನೀಲಿ ಹೊಗೆ. ಹೆಂಗಿದ್ರೂ ಹೆಡ್ ಎತ್ತಬೇಕಲ್ಲ, ಎರಡನೇದಷ್ಟೇ ಅಲ್ಲ, ಮೂರೂ ಪಿಸ್ಟನ್ನುಗಳನ್ನ ಮೇಲಕ್ಕೆ ತಳ್ಳಿ ತೆಗೆದು ನೋಡಿ. ಚುಕ್ಕೆ ಇರ್ಲಿ, ಅಕ್ಷರ ಇರ್ಲಿ, ಗುರುತು ಮೇಲಕ್ಕೆ. ಪಿಸ್ಟನ್ ತಲೆ ಮೇಲಿನ ಬಾಣ ಟೈಮಿಂಗ್ ಬೆಲ್ಟ್ ಕಡೆಗೆ. ಕೆಳಗಿನ ಆಯಿಲ್ ರಿಂಗಲ್ಲಿ ಮೂರು ತುಂಡು ಇದ್ರೆ ನಡುವಿನ ಸುಕ್ಕು ಸುಕ್ಕು ಪಟ್ಟಿಯ ಎರಡು ತುದಿ ಒಂದಕ್ಕೊಂದು ಎದುರು ನಿಂತಿರ್ಬೇಕು, ಒಂದರ ಮೇಲೊಂದು ಹತ್ಕೊಂಡಿದ್ರೆ ಆ ರಿಂಗ್ ಕೆಲಸಾನೇ ಮಾಡಲ್ಲ, ಮನೇಲಿ ಮಾಡೋರು ಜಾಸ್ತಿ ತಪ್ಪೋದು ಇಲ್ಲೇ. ರಿಂಗ್ ತೆಗೆಯುವಾಗ ಬಾಯಿ ಜಾಸ್ತಿ ಅಗಲಿಸ್ಬ್ಯಾಡ್ರಿ, ಮೇಲಿಂದು ಬಳೆ ಥರ ಮುರಿಯುತ್ತೆ.

ಪಿಸ್ಟನ್ ಹೊರಗೆ ಬಂದಿರೋವಾಗ ಗ್ಯಾಪನ್ನೂ ಅಳೆದುಬಿಡಿ, ಅಳೆದಿದ್ದೀನಿ ಅಂತ ನೀವು ಎಲ್ಲೂ ಬರೆದಿಲ್ಲ. ಈ ಎಂಜಿನ್ನಿನ ಮೂಲ ಬೋರ್ 68.5 ಎಂಎಂ, ಸ್ಟ್ರೋಕ್ 72 ಎಂಎಂ, ಮೂರು ಸಿಲಿಂಡರ್ ಸೇರಿ 796 ಸಿಸಿ. ನಿಮ್ಮದು 0.50 ಬೋರ್ ಆಗಿ 69 ಎಂಎಂ, ಅಂದ್ರೆ ಈಗ ಸುಮಾರು 808 ಸಿಸಿ. ರಿಂಗನ್ನ ಸಿಲಿಂಡರ್ ಒಳಗೆ ಹಾಕಿ, ಪಿಸ್ಟನ್ನನ್ನ ಬೋರಲು ಹಿಡಿದು ಅದರ ತಲೆಯಿಂದಾನೇ ಒಂದಿಂಚು ಕೆಳಗೆ ತಳ್ಳಿದ್ರೆ ರಿಂಗ್ ನೆಟ್ಟಗೆ ಕೂರುತ್ತೆ. ಆಮೇಲೆ ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಗ್ಯಾಪ್ ಅಳೀರಿ. ಟಾಪ್ ರಿಂಗಿಗೆ ನಾವು ಹಿಡಿಯೋ ಲೆಕ್ಕ ಬೋರಿನ ಒಂದು ಇಂಚಿಗೆ 4 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ), ನಿಮ್ಮದಕ್ಕೆ ಸುಮಾರು 11 ಥೌ ಆಯ್ತು, 0.27 ಎಂಎಂ ಹತ್ರ. ರಿಂಗ್ ಪ್ಯಾಕೆಟ್ ಮೇಲೆ ಬೇರೆ ಅಳತೆ ಕೊಟ್ಟಿದ್ರೆ ಅದನ್ನೇ ನಂಬಿ. ಗ್ಯಾಪ್ ಸ್ವಲ್ಪ ಜಾಸ್ತಿ ಇದ್ರೆ ದೊಡ್ಡ ನಷ್ಟ ಇಲ್ಲ, ಕಮ್ಮಿ ಇದ್ರೆ ಬಿಸಿಗೆ ತುದಿ ತುದಿ ತಾಗಿ ರಿಂಗ್ ಮುರಿದು ಗೋಡೆ ಗೀರುತ್ತೆ.

ಕನೆಕ್ಟಿಂಗ್ ರಾಡ್ ಕ್ಯಾಪ್ ಅನುಮಾನ ಸರಿಯಾಗೇ ಪಟ್ಟಿದ್ದೀರಿ. ಒಂದು ಜಾಗದಲ್ಲಿ ಬಿಗಿ ಹಿಡಿಯುತ್ತೆ ಅಂದಿರಲ್ಲ, ಅದೇ ಸಾಕ್ಷಿ ಇದ್ದಂಗೆ ಐತೆ. ಫ್ಯಾಕ್ಟರೀಲಿ ರಾಡು ಕ್ಯಾಪು ಎರಡನ್ನೂ ಜೋಡಿಸಿ ಒಂದೇ ತೂತಾಗಿ ಕೊರೆದಿರ್ತಾರೆ, ಹಂಗಾಗಿ ಒಂದರ ಕ್ಯಾಪ್ ಇನ್ನೊಂದಕ್ಕೆ ಹಾಕಿದ್ರೆ ತೂತು ದುಂಡಗೆ ಬರಲ್ಲ, ಸೇರೋ ಜಾಗದಲ್ಲಿ ಕೂದಲೆಳೆ ಮೆಟ್ಟಿಲು ಬರುತ್ತೆ. ಕ್ಯಾಪ್ ಬಿಚ್ಚಿ, ಬೇರಿಂಗ್ ಶೆಲ್ ತೆಗೆದು, ಬರೀ ರಾಡಿಗೆ ಬರೀ ಕ್ಯಾಪ್ ಹಾಕಿ ನಟ್ ಕೈಬಿಗಿ ಮಾಡಿ, ಸೇರಿರೋ ಗೆರೆ ಮೇಲೆ ಉಗುರು ಎಳೀರಿ. ಅದರದ್ದೇ ಜೋಡಿ ಆದ್ರೆ ಉಗುರು ಜಾರಿ ಹೋಗುತ್ತೆ, ಅಲ್ಲಾಂದ್ರೆ ಸಿಕ್ಕಿ ಹಾಕ್ಕೊಳ್ಳುತ್ತೆ. ಪಕ್ಕದಲ್ಲಿ ನಂಬರ್ ಇದ್ರೆ ಎರಡೂ ಒಂದೇ ಕಡೆ ಬರಬೇಕು, ಶೆಲ್ ಸಿಕ್ಕೋ ಕಚ್ಚುಗಳೂ ಒಂದೇ ಕಡೆ. ಓಡಿಸಿಲ್ಲವಾದ್ರಿಂದ ವಾಪಸ್ ಅದಲು ಬದಲು ಮಾಡಿದ್ರೆ ಕೆಲಸ ಮುಗೀತು, ಶೆಲ್ ಮೇಲೆ ಹೊಳೆಯೋ ಗುರುತು ಅಥವಾ ಗೀರು ಬಿದ್ದಿದ್ರೆ ಆ ಜೊತೆ ಬದಲಾಯಿಸಿ. ಜೋಡಿಸುವಾಗ ಪ್ಲಾಸ್ಟಿಗೇಜ್ ಹಾಕಿ ನೋಡಿ, ಮೇಣದ ದಾರದ ಥರ ಇರುತ್ತೆ, ಕ್ಯಾಪ್ ಟೈಟ್ ಮಾಡಿ ಬಿಚ್ಚಿದ್ರೆ ಎಷ್ಟು ಅಗಲಕ್ಕೆ ಚಪ್ಪಟೆ ಆಯ್ತು ಅಂತ ಅದರ ಕವರ್ ಮೇಲಿನ ಪಟ್ಟಿಗೆ ಹಿಡಿದು ಓದೋದು. ಸಣ್ಣ ಎಂಜಿನ್ನಿಗೆ ಸಾಮಾನ್ಯವಾಗಿ 0.02ರಿಂದ 0.05 ಎಂಎಂ ಒಳಗೆ ಬರುತ್ತೆ. ಅದು ಒಳಗಿರೋವಾಗ ಕ್ರ್ಯಾಂಕ್ ತಿರುಗಿಸ್ಬಾರ್ದು. ಒಂದೊಂದು ಕ್ಯಾಪ್ ಟೈಟ್ ಆದ್ಮೇಲೂ ಕ್ರ್ಯಾಂಕನ್ನ ಒಂದು ಸುತ್ತು ಕೈಯಲ್ಲಿ ತಿರುಗಿಸಿ, ಎಲ್ಲಿ ಬಿಗಿ ಬಂತೋ ಕಡೇದಾಗಿ ಹಾಕಿದ್ದೇ ಕಳ್ಳ. ಮೂರೂ ಹಾಕಿ ಆಮೇಲೆ ತಿರುಗಿಸಿದ್ರೆ ಹುಡುಕೋದು ಕಷ್ಟ.

ಹೆಡ್ ಮೇಲಿನ ಗೀರಿಗೆ ಅಷ್ಟು ಹೆದರ್ಬ್ಯಾಡ್ರಿ, ಎಲ್ಲಿ ಬಿದ್ದಿದೆ ಅನ್ನೋದು ಮುಖ್ಯ. ಸಿಲಿಂಡರ್ ಬಾಯಿ ಸುತ್ತ ಗ್ಯಾಸ್ಕೆಟ್ಟಿನ ಲೋಹದ ಉಂಗುರ ಕೂರೋ ಜಾಗಕ್ಕೆ ಅಡ್ಡ ಹಾದಿದ್ದು ಉಗುರಿಗೆ ಸಿಗ್ತಾ ಇದ್ರೆ, ಅಥವಾ ನೀರಿನ ತೂತಿಂದ ಆಯಿಲ್ ತೂತಿಗೆ ದಾರಿ ಮಾಡಿದ್ರೆ, ಫೇಸಿಂಗ್ ಮಾಡಿಸ್ಲೇಬೇಕು, ಅಂದ್ರೆ ಮಿಷನ್ನಲ್ಲಿ ಮೇಲ್ಮೈ ತೆಳ್ಳಗೆ ಕೆರೆದು ಸಮ ಮಾಡಿಸೋದು. ಹೊರಗಿನ ಅಂಚಲ್ಲಿ ಬಿದ್ದಿದ್ದು ಉಗುರಿಗೆ ಸಿಗ್ದೇ ಇದ್ರೆ ಗ್ಯಾಸ್ಕೆಟ್ ನುಂಗ್ಕೊಳ್ಳುತ್ತೆ. ಫೇಸಿಂಗ್ ಕೊಡೋಕೆ ಮುಂಚೆ ಸ್ಟ್ರೇಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ನೋಡಿ, 0.05 ಎಂಎಂ ಫೀಲರ್ ಒಳಗೆ ಹೋಗ್ಬಾರ್ದು. ಮಾಡಿಸಿದ್ರೆ ಎಷ್ಟು ಕಮ್ಮಿ ತೆಗೆದ್ರೆ ಸಾಕೋ ಅಷ್ಟೇ ತೆಗೀರಿ ಅಂತ ಬಾಯಿಬಿಟ್ಟು ಹೇಳಿ. ಹೆಡ್ ತೆಳ್ಳಗಾದಷ್ಟೂ ಕಂಪ್ರೆಶನ್ ಏರುತ್ತೆ, ಬೆಲ್ಟ್ ಎಂಜಿನ್ನಲ್ಲಿ ಕ್ಯಾಮ್ ಕ್ರ್ಯಾಂಕಿಗೆ ಹತ್ರ ಬಂದು ಟೈಮಿಂಗೂ ಒಂಚೂರು ಹಿಂದೆ ಬೀಳುತ್ತೆ. ಗೀರಿನ ಮೇಲೆ ಅನಾಬಾಂಡ್ ಬಳಿಯೋದು ಹೆಡ್ ಗ್ಯಾಸ್ಕೆಟ್ಟಲ್ಲಿ ನಡೆಯಲ್ಲ, ಉರಿಯೋ ಗ್ಯಾಸಿಗೆ ಅದು ತಡೆಯಲ್ಲ. ಚೇಂಬರಿಗೂ ಎಷ್ಟು ಬೇಕೋ ಅಷ್ಟೇ, ತೆಳು ದಾರದಷ್ಟು. ಜಾಸ್ತಿ ಹಾಕಿದ್ದು ಹೊರಗೆ ಉಬ್ಬಿದಷ್ಟೇ ಒಳಗೂ ಉಬ್ಬುತ್ತೆ, ಒಂದಿನ ಕಳಚಿ ಜಾಲರಿಗೆ ಅಂಟ್ಕೊಳ್ಳುತ್ತೆ.

ಮುರಿದ ಚೇಂಬರ್ ಬೋಲ್ಟಿಂದ ಎಂಜಿನ್ ಸಾಯಲ್ಲ, ಆದ್ರೆ ಅದನ್ನ ತೆಗೆಯೋಕೆ ಹೋಗಿ ಎಂಜಿನ್ ಸಾಯಬಹುದು, ಹಂಗಾಗಿ ನಿಧಾನ. ಬ್ಲಾಕ್ ಹೆಂಗೂ ಖಾಲಿ ಆಗೋದಾದ್ರೆ ಆಗಲೇ ಇದನ್ನೂ ಮುಗಿಸಿ, ತೊಳೆಯೋಕೆ ಮುಂಚೆ, ಆಗ ಪುಡಿ ಒಳಗೆ ಬಿದ್ರೂ ಚಿಂತೆ ಇಲ್ಲ. ತುದಿ ಸ್ವಲ್ಪ ಹೊರಗಿದ್ರೆ ಅದರ ಮೇಲೆ ಒಂದು ನಟ್ ಇಟ್ಟು ವೆಲ್ಡ್ ಮಾಡ್ಸಿ, ಆ ಬಿಸಿಗೇ ಥ್ರೆಡ್ ಸಡಿಲ ಆಗಿ ಬಂದುಬಿಡುತ್ತೆ. ಒಳಗೇ ಮುರಿದಿದ್ರೆ ಸರಿಯಾಗಿ ನಡುವೆ ಪಂಚ್ ಹೊಡೆದು, ಸಿಕ್ಕರೆ ಉಲ್ಟಾ ತಿರುಗಿ ಕೊರೆಯೋ ಎಡಗೈ ಡ್ರಿಲ್ ಬಿಟ್ಟಲ್ಲಿ ಕೊರೀರಿ, ಎಷ್ಟೋ ಸಲ ಕೊರೀತಾ ಇದ್ದಂಗೇ ತಿರುಗಿ ಹೊರಗೆ ಬರುತ್ತೆ. ಈಜಿ ಔಟ್ ಅಂತ ಮಾರ್ತಾರಲ್ಲ ಎಕ್ಸ್‌ಟ್ರ್ಯಾಕ್ಟರ್, ಅದನ್ನ ಸಣ್ಣ ಬೋಲ್ಟಿಗೆ ಜೋರಾಗಿ ತಿರುವಿದ್ರೆ ಅದೂ ಒಳಗೇ ಮುರಿಯುತ್ತೆ, ಅದು ಗಟ್ಟಿ ಸ್ಟೀಲು, ಆಮೇಲೆ ಮಾಮೂಲಿ ಡ್ರಿಲ್ ಬಿಟ್ಟು ಇಳಿಯಲ್ಲ. ನಿಮಗೆ ಧೈರ್ಯ ಬರ್ಲಿಲ್ಲ ಅಂದ್ರೆ ಈ ಒಂದು ಕೆಲಸ ಲೇತ್ ಶಾಪಿಗೆ ಕೊಡಿ, ನಾಚ್ಕೋಬೇಕಾಗಿದ್ದು ಏನಿಲ್ಲ. ಮುರಿದಿದ್ದು ಯಾಕೆ ಅಂದ್ರೆ, 6 ಎಂಎಂ ಬೋಲ್ಟಿಗೆ ಉದ್ದ ಹಿಡಿಯ ರ್‍ಯಾಚೆಟ್ ಹಾಕಿರ್ತೀರಿ. ಅದಕ್ಕೆ ಚಿಕ್ಕ ಹಿಡಿ ಸಾಕು, ಮಣಿಕಟ್ಟಿನ ಬಲ ಸಾಕು.

ಈಗ ನಿಮ್ಮ ಮುಂದೆ ಇರೋ ದಾರಿಗಳು. ಪೂರ್ತಿ ಬಿಚ್ಚಿ ತೊಳೆದು ಮತ್ತೆ ಜೋಡಿಸೋದು ಒಂದು. ಹೆಡ್ ಗ್ಯಾಸ್ಕೆಟ್ ದುಡ್ಡು, ಪ್ಲಾಸ್ಟಿಗೇಜ್ ದುಡ್ಡು, ನಿಮ್ಮ ಮೂರು ನಾಲ್ಕು ದಿನ ಹೋಗುತ್ತೆ, ಹೊಸ ರಿಂಗು ಬೇರಿಂಗು ಓಡಿಸಿಲ್ಲವಾದ್ರಿಂದ ವಾಪಸ್ ಬಳಸ್ಬೋದು. ಇರೋ ರಿಸ್ಕ್ ಅಂದ್ರೆ ಅವಸರದಲ್ಲಿ ಹೊಸ ತಪ್ಪು ಮಾಡೋದು. ಕ್ರ್ಯಾಂಕ್ ಬಿಚ್ಚದೆ ಹೆಡ್ಡು, ಚೇಂಬರ್ ಮಾತ್ರ ತೆಗೆದು ಬೋಲ್ಟ್ ತೂತು, ರಿಂಗು, ಕ್ಯಾಪು ಸರಿ ಮಾಡಿ ಮುಚ್ಚೋದು ಇನ್ನೊಂದು, ಬಿಳಿ ಬಟ್ಟೆ ಸ್ವಚ್ಛ ಬಂದ್ರೆ ಮಾತ್ರ ಇದು ಸರಿ. ಮೂರನೇದು ಬಿಚ್ಚಿರೋದನ್ನ ಹಂಗೇ ಗ್ಯಾರೇಜಿಗೆ ಕೊಡೋದು, ಕೊಡೋದಾದ್ರೆ ನನಗೆ ಬರೆದಂಗೇ ಎಲ್ಲಾ ತಪ್ಪನ್ನೂ ಚೀಟೀಲಿ ಬರೆದು ಕೊಡಿ, ಮುಚ್ಚಿಡ್ಬ್ಯಾಡ್ರಿ. ಸೆಕೆಂಡ್ ಹ್ಯಾಂಡ್ ಎಂಜಿನ್ ನಾನು ನಿಮಗೆ ಹೇಳಲ್ಲ. ಅದರ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಎಂಜಿನ್ ನಂಬರ್ ಬದಲಾಗೋದ್ರಿಂದ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಏರಿಸ್ಬೇಕು, ಪೇಪರ್ ಸರಿ ಇಲ್ದಿದ್ರೆ ರೀ-ರಿಜಿಸ್ಟ್ರೇಶನ್ ಟೈಮಲ್ಲಿ ತೊಂದರೆ. ನಿಮ್ಮ ಬ್ಲಾಕು ಈಗ ತಾನೇ ಬೋರ್ ಆಗಿದೆ, ಅದಕ್ಕಿಂತ ಒಳ್ಳೇದು ಗುಜರಿಯಲ್ಲಿ ಸಿಗಲ್ಲ.

ನಾನಾಗಿದ್ರೆ ಬಟ್ಟೆ ಟೆಸ್ಟ್ ಏನೇ ಹೇಳ್ಲಿ ಪೂರ್ತಿ ಬಿಚ್ತಿದ್ದೆ, ಪೆಟ್ರೋಲಲ್ಲಿ ತೊಳೆದ ಬ್ಲಾಕಿನ ಮೇಲೆ ನನಗೆ ನಂಬಿಕೆ ಇಲ್ಲ.

ಜೋಡಿಸಿದ್ಮೇಲೆ ಟೈಮಿಂಗ್ ಬೆಲ್ಟ್ ಹಾಕಿ ಪ್ಲಗ್ ಬಿಚ್ಚಿಟ್ಟು ಪಾನಾ ಹಿಡಿದು ಕ್ರ್ಯಾಂಕನ್ನ ಎರಡು ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಎದುರುಬದುರು ಬರಬೇಕು. ನಡುವೆ ಗಟ್ಟಿಯಾಗಿ ತಡೆದ್ರೆ ಬಲ ಹಾಕ್ಬ್ಯಾಡ್ರಿ, ನಿಲ್ಲಿಸಿ ನೋಡಿ. ರೇಡಿಯೇಟರಿಗೆ ನಮ್ಮ ಕಡೆ ಬೋರ್ ನೀರು ಬ್ಯಾಡವೇ ಬ್ಯಾಡ, ಪಾತ್ರೆ ತಳದಲ್ಲಿ ಬಿಳಿ ಕಟ್ಟೋದು ನೋಡಿದ್ದೀರಲ್ಲ, ಅದೇ ಬ್ಲಾಕ್ ಒಳಗೂ ಕಟ್ಟುತ್ತೆ, ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಹಾಕಿ. ಆಯಿಲ್ 20ಡಬ್ಲ್ಯೂ40 ಮಿನರಲ್ ಸಾಕು. ಪ್ಲಗ್ ಇಲ್ದೆ, ಕಾಯಿಲ್ ವೈರ್ ಬಿಚ್ಚಿ, ಆಯಿಲ್ ಲೈಟ್ ಆರೋ ತನಕ ಸ್ಟಾರ್ಟರ್ ಹೊಡೀರಿ, ತಡೆದು ತಡೆದು. ಸ್ಟಾರ್ಟ್ ಆದ್ಮೇಲೆ ಲೀಕ್ ನೋಡಿ, ಗಂಟೆಗಟ್ಟಲೆ ಐಡಲ್ ಬಿಡ್ಬ್ಯಾಡ್ರಿ, ರಿಂಗ್ ಕೂರೋಕೆ ಲೋಡ್ ಬೇಕು. ಹೈವೇಲಿ ಒಂದೇ ಸ್ಪೀಡಲ್ಲಿ ಹೋಗೋ ಬದಲು ಹೊಳಲ್ಕೆರೆ ಕಡೆ ಹೋಗಿ, ಸ್ವಲ್ಪ ಎಳೆಸಿ, ಆಕ್ಸಿಲರೇಟರ್ ಬಿಟ್ಟು ತಾನಾಗೇ ನಿಧಾನ ಆಗೋಕೆ ಬಿಡಿ, ಮತ್ತೆ ಎಳೆಸಿ. 500 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಬದಲಾಯಿಸಿ. ಆಮೇಲೆ ಕಂಪ್ರೆಶನ್ ನೋಡಿಸಿ, ಮೂರು ಸಿಲಿಂಡರ್ ನಡುವೆ ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಜಾಸ್ತಿ ವ್ಯತ್ಯಾಸ ಬರಬಾರ್ದು.

ಇಷ್ಟೆಲ್ಲಾ ಆದ್ರೂ ಆ ವಾಷರ್ ಸಿಗೋ ತನಕ ಕೀ ತಿರುಗಿಸ್ಬ್ಯಾಡ್ರಿ. ಚೇಂಬರಲ್ಲಿ ಬಿದ್ದಿದ್ರೆ ಜಾಲರಿ ತಡೀಬಹುದು, ಇನ್‌ಟೇಕ್ ಮ್ಯಾನಿಫೋಲ್ಡಲ್ಲಿ ಇದ್ರೆ ಪಿಸ್ಟನ್ ತಲೆ ಒಡೆಯುತ್ತೆ, ಬೆಲ್ಟ್ ಕವರಲ್ಲಿ ಇದ್ರೆ ಹಲ್ಲು ಹಾರಿಸುತ್ತೆ. ಅದು ಸ್ಟೀಲು, ಸ್ಪೀಕರಿನ ಹಳೇ ಮ್ಯಾಗ್ನೆಟ್ ಒಂದನ್ನ ಕಡ್ಡಿಗೆ ಕಟ್ಟಿ ಮೂಲೆ ಮೂಲೆ ಆಡಿಸಿ, ಮೊಬೈಲಿಗೆ ಹಾಕೋ ಸಣ್ಣ ಕ್ಯಾಮೆರಾ ಸಿಕ್ಕರೆ ಮ್ಯಾನಿಫೋಲ್ಡ್ ಒಳಗೆ ಇಳಿಸಿ ನೋಡಿ, ಬ್ಲಾಕ್ ಬೋರಲು ಹಾಕಿ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ. ಎಲ್ಲೂ ಸಿಗ್ಲಿಲ್ಲ ಅಂದ್ರೆ ಶೆಡ್ ನೆಲ ಗುಡಿಸಿ ಕಸದ ಮೇಲೆ ಅದೇ ಮ್ಯಾಗ್ನೆಟ್ ಆಡಿಸಿ, ನನಗೆ ಎಷ್ಟೋ ಸಲ ಸಿಕ್ಕಿರೋದು ಅಲ್ಲೇ. ಸಿಕ್ಕಿದ್ಮೇಲೆ ಬರೀರಿ, ಬಿಳಿ ಬಟ್ಟೆ ಯಾವ ಬಣ್ಣ ಬಂತು ಅನ್ನೋದನ್ನೂ ಬರೀರಿ.